ಮುಖ ತೊಳ್ಕೊಂಡು ಬನ್ನಿ

“ಮೊದ್ಲು ಹೋಗಿ ಮುಖ ತೊಳ್ಕೊಂಡು ಬನ್ನಿ!”

ಹೊಸ್ತಿಲು ದಾಟಲು ಎತ್ತಿದ್ದ ಪದ್ಮಶ್ರೀಯ ಕಾಲು ಅಲ್ಲೇ ನಿಂತುಬಿಟ್ಟಿತು.

ಯಾರಿವನು? ನಮ್ಮ ಹಿತ್ತಲಲ್ಲಿ, ನಮ್ಮಪ್ಪ ಕಟ್ಟಿಸಿದ ಹುಳು ಮನೆಯ ಬಾಗಿಲಿಗೆ ಅಡ್ಡ ನಿಂತು ನನಗೇ ಅಪ್ಪಣೆ ಕೊಡುತ್ತಿದ್ದಾನಲ್ಲ!

“ಏನಂದ್ರಿ?”

“ಮುಖ ತೊಳ್ಕೊಂಡು ಬನ್ನಿ ಅಂದೆ. ಏನೋ ಹಚ್ಕೊಂಡಿದೀರ, ವಾಸನೆ ಇಲ್ಲಿವರ್ಗೂ ಬರ್ತಿದೆ. ಹೀಗೆ ಒಳಗೆ ಬಂದ್ರೆ ಹುಳು ಸೊಪ್ಪು ಮುಟ್ಟಲ್ಲ.”

ಅವನ ಎರಡೂ ಕೈಯಲ್ಲಿ ಅಗಲವಾದ ತಟ್ಟೆ. ಅದರ ತುಂಬ ಸಣ್ಣಗೆ ಹರಿದಾಡುವ ರೇಷ್ಮೆ ಹುಳುಗಳು. ಮೊಟ್ಟೆ ಒಡೆದ ಮರಿಗಳನ್ನು ಎರಡು ಸಲ ಪೊರೆ ಬಿಡುವವರೆಗೆ ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರದವನು ಅವನು. ಹೆಸರು ಮುನಿರಾಜ್. ಇಲ್ಲೇ ಹತ್ತಿರದ ವಿಜಯಪುರದ ಕಡೆಯವನು. ಅಪ್ಪ ವೆಂಕಟರಾಯಪ್ಪ ಹತ್ತಾರು ಸಲ ಫೋನಿನಲ್ಲಿ ‘ಏನಪ್ಪಾ ಮುನ್‌ರಾಜ’ ಎಂದು ಮಾತಾಡುವುದನ್ನು ಪದ್ಮಶ್ರೀ ಕೇಳಿದ್ದಳು. ನೋಡಿದ್ದು ಇವತ್ತೇ.

ಅಪ್ಪ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಳ್ಳದೆ ಇದ್ದಿದ್ದರೆ ಇವತ್ತೂ ನೋಡುತ್ತಿರಲಿಲ್ಲ. ಏರ್‌ಪೋರ್ಟ್ ರಸ್ತೆಯ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ ಮಾಡುವ ಅವಳಿಗೆ ಹುಳು ಮನೆಯ ಸಹವಾಸವೇ ಇರಲಿಲ್ಲ. ಅಪ್ಪ ಬೆಳೆಗೆ ಆಗಲೇ ಒಪ್ಪಿಕೊಂಡಾಗಿತ್ತು, ಹುಳು ಬರುವ ದಿನವೂ ಗೊತ್ತಾಗಿತ್ತು. ಅಮ್ಮ ಇಲ್ಲದ ಮನೆ. ಎಪ್ಪತ್ತು ದಾಟಿದ ಅಜ್ಜಿ ಮುನಿತಾಯಮ್ಮ ಒಬ್ಬಳೇ ಏನು ಮಾಡಿಯಾಳು? ಒಂದು ತಿಂಗಳು ರಜೆ ಹಾಕಿ ಪದ್ಮಶ್ರೀ ಕುಂದಾಣದ ಪಕ್ಕದ ತನ್ನೂರಿನಲ್ಲಿ ನಿಂತಳು.

“ಲೇ ಪದ್ಮಾ, ತೊಳ್ಕೊಂಡ್ ಬಾರೆ. ಹುಳಿನ ಮನೆಗೆ ಸೆಂಟು, ಊದುಬತ್ತಿ ಏನೂ ಆಗಲ್ಲ ಅಂತ ಗೊತ್ತಿಲ್ವಾ ನಿಂಗೆ?” ಅಜ್ಜಿ ಒಳಗಿನಿಂದಲೇ ಕೂಗಿದಳು.

ಗೊತ್ತಿತ್ತು. ಆದರೆ...

ಪದ್ಮಶ್ರೀ ಬೆಳಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಕನ್ನಡಿ ಮುಂದೆ ನಿಲ್ಲುವುದು. ಕನ್ಸೀಲರ್ ಒಂದು ಪದರ, ಫೌಂಡೇಶನ್ ಎರಡು ಪದರ, ಮೇಲೆ ಪೌಡರ್. ಅಷ್ಟಾದ ಮೇಲೆಯೇ ಹಾಲಿನವನಿಗೂ ಬಾಗಿಲು ತೆರೆಯುವುದು. ಆರು ವರ್ಷದಿಂದ ಹೀಗೆಯೇ ನಡೆದಿತ್ತು. ಪಿಯುಸಿಯಲ್ಲಿ ಎದ್ದ ಮೊಡವೆ ಹೋಗುವಾಗ ಎರಡೂ ಕೆನ್ನೆಯಲ್ಲಿ ಗುಂಡಿಗಳನ್ನು ಉಳಿಸಿ ಹೋಗಿತ್ತು. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಮಹಾನುಭಾವ ಹಳ್ಳ ಬಿದ್ದ ಟಾರು ರಸ್ತೆಯ ಫೋಟೋ ಹಾಕಿ ಕೆಳಗೆ ‘ನಮ್ಮ ಪದ್ಮಶ್ರೀ’ ಎಂದು ಬರೆದಿದ್ದ. ನಲವತ್ತೆರಡು ಜನ ನಕ್ಕಿದ್ದರು. ಆ ನಲವತ್ತೆರಡನ್ನು ಅವಳು ಇವತ್ತಿಗೂ ಮರೆತಿಲ್ಲ.

ಈಗ ಪರಿಚಯವೇ ಇಲ್ಲದ ಈ ಗಂಡಸಿನ ಮುಂದೆ ಮುಖ ತೊಳೆಯಬೇಕಂತೆ!

ಕಣ್ಣಲ್ಲಿ ನೀರು ತುಂಬಿತು. ಹಿತ್ತಲ ತೊಟ್ಟಿಯ ಹತ್ತಿರ ಹೋಗಿ ಸೋಪು ಹಾಕಿ ಉಜ್ಜಿದಳು. ಸಿಟ್ಟಿಗೆ ಇನ್ನೊಂದು ಸಲ ಉಜ್ಜಿದಳು. ಎಂಥ ಮುಖ ಮಾಡುತ್ತಾನೋ ನೋಡೇಬಿಡೋಣ ಎಂದುಕೊಂಡು ನೀರು ತೊಟ್ಟಿಕ್ಕುವ ಮುಖವನ್ನು ನೆಟ್ಟಗೆ ಎತ್ತಿಕೊಂಡೇ ಬಂದು ನಿಂತಳು.

ಮುನಿರಾಜ್ ಅವಳನ್ನು ಒಂದು ಗಳಿಗೆ ನೋಡಿದ.

“ಕೈ?” ಎಂದ.

“ಆಂ?”

“ಕೈಯೂ ತೊಳೀರಿ. ಅದೇ ಕೈಲಿ ತಾನೇ ಹಚ್ಕೊಂಡಿದ್ದು?”

ಅಷ್ಟೇ! ಹುಬ್ಬು ಏರಲಿಲ್ಲ, ಕಣ್ಣು ಪಕ್ಕಕ್ಕೆ ಜಾರಲಿಲ್ಲ, ‘ಅಯ್ಯೋ ಪಾಪ’ ಎನ್ನುವ ಆ ಹಾಳು ಕನಿಕರವೂ ಕಾಣಲಿಲ್ಲ. ಕೈ ತೊಳೆಯುತ್ತ ಪದ್ಮಶ್ರೀಗೆ ಗೊಂದಲವಾಯಿತು. ಇವನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವೋ ಏನೋ...

* * *

ಚಾಕಿ ಹುಳು ಕೊಟ್ಟು ಹೋದವನು ಮೂರನೇ ದಿನ ಮತ್ತೆ ಬಂದ. ಆಮೇಲೆ ಎರಡು ದಿನಕ್ಕೊಮ್ಮೆ ಬರತೊಡಗಿದ. ವೆಂಕಟರಾಯಪ್ಪ ಮಂಚದ ಮೇಲೆ ಮಲಗಿದ್ದಾರೆ, ಮಗಳಿಗೆ ಕೆಲಸ ಹೊಸದು, ತಾನು ಕೊಟ್ಟ ಹುಳು ಕೆಡಬಾರದು... ಕಾರಣಗಳು ಗಟ್ಟಿಯಾಗಿಯೇ ಇದ್ದವು. ಆದರೆ ಬೇರೆ ರೈತರ ಮನೆಗೂ ಇಷ್ಟೇ ಸಲ ಹೋಗುತ್ತಾನಾ ಎಂದು ಅಜ್ಜಿ ಕೇಳಿದಾಗ ಮಾತ್ರ ಅವನು ಸೊಪ್ಪಿನ ವಿಷಯ ಎತ್ತಿದ.

“ಇವತ್ತು ಸೊಪ್ಪು ಹಾಕ್ಬೇಡಿ. ಮೂರನೇ ಜ್ವರಕ್ಕೆ ಕೂತಿದಾವೆ,” ಎಂದ ಒಂದು ಬೆಳಗ್ಗೆ.

ಹುಳು ಪೊರೆ ಬಿಡುವುದಕ್ಕೆ ಆ ಕಡೆಯವರು ಜ್ವರ ಎನ್ನುತ್ತಾರೆ. ತಟ್ಟೆಯ ತುಂಬ ಹುಳುಗಳು ತಲೆ ಎತ್ತಿ ಅಲ್ಲಾಡದೆ ಕೂತಿದ್ದವು.

“ಸತ್ತೋಗಿದಾವೇನೋ ಅಂತ ಭಯ ಆಗೋಯ್ತು ನಂಗೆ!”

“ಸತ್ತಿಲ್ಲ ಕಣ್ರೀ. ಹಳೇ ಚರ್ಮ ಬಿಡ್ತಿದಾವೆ. ಈಗ ಮುಟ್ಟಬಾರ್ದು, ಅಲುಗಾಡಿಸಬಾರ್ದು. ಎಲ್ಲಾ ಎದ್ದ ಮೇಲೆ ಸೊಪ್ಪು. ಅಲ್ಲಿವರ್ಗೂ ನಮ್ಮ ಕೆಲಸ ಸುಮ್ನೆ ಕಾಯೋದು.”

“ಕಾಯೋಕೆ ಬೇಜಾರಾಗಲ್ವಾ?”

“ಅಭ್ಯಾಸ ಆಗಿದೆ.”

ಇಂಥ ಮಾತುಗಳೇ. ಇದರಲ್ಲಿ ಪ್ರೀತಿ ಎಲ್ಲಿಂದ ಬಂತು ಎಂದು ಕೇಳಬೇಡಿ, ಪದ್ಮಶ್ರೀಗೂ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಗಿದ್ದು ಇಷ್ಟೇ. ಹುಳು ಮನೆಯಲ್ಲಿ ಇರುವಷ್ಟು ಹೊತ್ತು ಅವಳಿಗೆ ತನ್ನ ಮುಖ ನೆನಪಾಗುತ್ತಿರಲಿಲ್ಲ! ಕಡ್ಡಿ ಸೊಪ್ಪು ಹರಡುತ್ತ, ಹಿಕ್ಕೆ ಬಾಚುತ್ತ, ಅವನೊಡನೆ ಜಗಳವಾಡುತ್ತ, ಬರೀ ಮುಖದಲ್ಲಿ ಜೋರಾಗಿ ನಗುತ್ತಿದ್ದಳು. ಆರು ವರ್ಷದಲ್ಲಿ ಮೊದಲ ಸಲ ಕಿಟಕಿಯ ಬೆಳಕಿಗೆ ಬೆನ್ನು ತಿರುಗಿಸದೆ ಒಬ್ಬರ ಹತ್ತಿರ ಮಾತಾಡಿದ್ದಳು.

ಇವನಿಗೆ ಕಾಣಿಸೋದೇ ಇಲ್ಲ... ದೇವರೇ, ಹೀಗೇ ಕಾಣಿಸದೆ ಇರಲಿ!

ಅದೇ ಅವಳ ನೆಮ್ಮದಿ. ಆ ನೆಮ್ಮದಿ ನಾಲ್ಕನೇ ಜ್ವರದ ದಿನ ಮುರಿಯಿತು.

ಜ್ವರಕ್ಕೆ ಕೂತ ಹುಳುಗಳ ತಟ್ಟೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಮುನಿರಾಜ್ ಸುಣ್ಣದ ಡಬ್ಬ ಎತ್ತಿಕೊಂಡ ಕೂಡಲೇ, ಅಷ್ಟು ಹೊತ್ತು ವಟವಟ ಎನ್ನುತ್ತಿದ್ದ ಅಜ್ಜಿ ಸುಮ್ಮನಾಗಿ ಎದ್ದು ಹೊರಗೆ ಹೋದಳು. ಸುಣ್ಣ ಕಂಡರೆ ಅಜ್ಜಿ ಯಾವಾಗಲೂ ಹಾಗೆಯೇ. ಪದ್ಮಶ್ರೀ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಸುಣ್ಣ ಹಾಕಿ ಮುಗಿಸಿ ಕೈ ತೊಳೆಯಲು ತೊಟ್ಟಿಯ ಬಳಿ ಬಂದ ಮುನಿರಾಜ್ ಕಿಟಕಿಯ ಮೇಲಿದ್ದ ಒಂದು ಟ್ಯೂಬನ್ನು ಕೈಗೆತ್ತಿಕೊಂಡ. ತಿರುಗಿಸಿ ನೋಡಿದ. ಅವನ ಮುಖ ಗಂಟಿಕ್ಕಿತು.

“ಇದು ನೀವು ಹಚ್ಚೋದಾ?”

ಮೆಡಿಕಲ್ ಸ್ಟೋರಿನಿಂದ ಪದ್ಮಶ್ರೀ ಗುಟ್ಟಾಗಿ ತರುವ, ಮುಖ ಬೆಳ್ಳಗೆ ನುಣ್ಣಗೆ ಮಾಡುವ ಟ್ಯೂಬು ಅದು. “ಹೌದು... ರಾತ್ರಿ ಮಲಗೋವಾಗ. ಎರಡು ವರ್ಷದಿಂದ.”

“ಬಿಟ್ಬಿಡಿ ಇದನ್ನ. ಮುಖ ಹೀಗೆ ಬಿಡೋದು ಸರಿ ಅಲ್ಲ. ದೊಡ್ಡಬಳ್ಳಾಪುರದಲ್ಲಿ ಒಬ್ರು ಚರ್ಮದ ಡಾಕ್ಟರಮ್ಮ ಇದಾರೆ. ನಂಬರ್ ಕೊಡ್ತೀನಿ, ಹೋಗಿ ತೋರ್ಸಿ.”

ಮುಖ ಹೀಗೆ...

ಅಂದರೆ ಕಾಣಿಸುತ್ತಿತ್ತು! ಮೊದಲ ದಿನದಿಂದಲೂ ಇವನಿಗೆ ಎಲ್ಲಾ ಕಾಣಿಸುತ್ತಿತ್ತು! ನಾನು ನಗುವಾಗ, ಹತ್ತಿರ ನಿಂತು ಸೊಪ್ಪು ಕೊಡುವಾಗ, ಇವನು ಈ ಗುಂಡಿಗಳನ್ನೇ ನೋಡುತ್ತಿದ್ದನಾ?

“ನನ್ನ ಮುಖದ ಮೇಲೆ ಇಷ್ಟು ದಿನ ಕಣ್ಣಿಟ್ಟಿದ್ರಾ?” ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಎಲ್ಲರೂ ಹೇಳಿ ಆಯ್ತು, ನೀವೊಬ್ರು ಬಾಕಿ ಇದ್ರಿ! ಹುಳು ನೋಡೋಕೆ ಬಂದೋರು ಹುಳು ನೋಡ್ಕೊಂಡು ಹೋಗ್ಬೇಕು.”

“ಅಯ್ಯೋ ಪದ್ಮಶ್ರೀ, ನಾನು ಹೇಳಿದ್ದು...”

“ನಾಳೆಯಿಂದ ಬರ್ಬೇಡಿ. ಏನಿದ್ರೂ ಅಪ್ಪಂಗೆ ಫೋನ್ ಮಾಡಿ.”

ಮುನಿರಾಜ್ ಟ್ಯೂಬನ್ನು ಇದ್ದ ಜಾಗದಲ್ಲೇ ಇಟ್ಟ. ಅವಳ ಕಣ್ಣೀರು ನೋಡಿ ಬೈಕಿನತ್ತ ನಡೆದ. ಅವನ ಬೈಕಿನ ಸದ್ದು ಊರ ಬಾಗಿಲು ದಾಟುವ ತನಕ ಅವಳು ತೊಟ್ಟಿಯ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು.

* * *

ಮರುದಿನ ಬೆಳಗ್ಗೆ ಪದ್ಮಶ್ರೀ ಕನ್ನಡಿ ಮುಂದೆ ಒಂದು ಗಂಟೆ ನಿಂತಳು. ಕನ್ಸೀಲರ್ ಬಂತು, ಫೌಂಡೇಶನ್ ಬಂತು, ಹೋಟೆಲಿಗೆ ಹಾಕಿಕೊಳ್ಳುವ ಸೆಂಟೂ ಬಂತು. ಅಜ್ಜಿ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗಿದ್ದಳು. ಕೇಳುವವರು ಯಾರು? ಹಾಗೇ ಹುಳು ಮನೆಗೆ ನುಗ್ಗಿದಳು. ಯಾರ ಮೇಲಿನ ಸಿಟ್ಟನ್ನು ಯಾರ ಮೇಲೆ ತೀರಿಸುತ್ತಿದ್ದಾಳೆಂಬ ಬುದ್ಧಿ ಆ ಹೊತ್ತಿಗೆ ಅವಳಿಗಿರಲಿಲ್ಲ.

ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ಭಯಂಕರ ಹಸಿವು. ಸೊಪ್ಪು ಹಾಕಿದಷ್ಟೂ ಮಳೆ ಬಿದ್ದ ಹಾಗೆ ಸರಸರ ಸದ್ದು. ಎರಡು ದಿನ ಹೀಗೆ ಹೋಯಿತು, ಎರಡು ದಿನವೂ ಅಜ್ಜಿ ಬೈದರೂ ಕೇಳದೆ ಅವಳು ಮುಖ ತೊಳೆಯದೆಯೇ ಒಳಗೆ ಹೋದಳು.

ಮೂರನೇ ದಿನ ಮಧ್ಯಾಹ್ನ ಆ ಸದ್ದು ಒಂದು ಮೂಲೆಯಲ್ಲಿ ನಿಂತುಹೋಗಿತ್ತು.

ಪದ್ಮಶ್ರೀ ಓಡಿಹೋಗಿ ನೋಡಿದಳು. ಅಟ್ಟಣಿಗೆಯ ಕೊನೆಯ ಎರಡು ಅಂಕಣದ ಹುಳುಗಳು ತಲೆಯನ್ನು ಅತ್ತಿತ್ತ ಎಸೆಯುತ್ತಿದ್ದವು. ಬಾಯಿಯಿಂದ ಹಸಿರು ನೀರು ಕಕ್ಕುತ್ತಿದ್ದವು. ಕೆಲವು ಆಗಲೇ ಸುರುಟಿ ಬಿದ್ದಿದ್ದವು.

ಅವಳ ಕೈ ತಾನಾಗಿ ಕೆನ್ನೆಗೆ ಹೋಯಿತು. ಬೆರಳಿಗೆ ಫೌಂಡೇಶನ್ ಮೆತ್ತಿಕೊಂಡಿತು.

ನಾನು... ನಾನೇ ಕೊಂದೆ!

ಅಪ್ಪನಿಗೆ ಹೇಳಲು ಧೈರ್ಯ ಬರಲಿಲ್ಲ. ಅವಳು ಒತ್ತಿದ್ದು ಒಂದೇ ನಂಬರ್.

“ಮುನಿರಾಜ್... ಹುಳು ಸಾಯ್ತಿದಾವೆ. ನನ್ನಿಂದಲೇ! ನಾನು ಬೇಕೂಂತ ಮೇಕಪ್ ಹಾಕ್ಕೊಂಡು ಒಳಗೆ ಹೋದೆ. ನಿಮ್ಮ ಮೇಲಿನ ಸಿಟ್ಟಿಗೆ...”

“ಅಳಬೇಡಿ. ಸೊಪ್ಪು ಹಾಕೋದು ನಿಲ್ಸಿ, ಕಿಟಕಿ ಎಲ್ಲಾ ತೆಗೀರಿ. ಅರ್ಧ ಗಂಟೆಲಿ ಬರ್ತೀನಿ.”

ಇಪ್ಪತ್ತೇ ನಿಮಿಷದಲ್ಲಿ ಬಂದ. ಹುಳು ನೋಡಿದ. ಆಮೇಲೆ ಆ ಅಂಕಣದಿಂದ ಒಂದು ಸೊಪ್ಪಿನ ಕಡ್ಡಿ ಎತ್ತಿ ಮೂಸಿದ.

“ಈ ಎರಡು ಅಂಕಣಕ್ಕೆ ಹಾಕಿದ ಸೊಪ್ಪು ಎಲ್ಲಿಂದ ಬಂತು?”

“ಬದುವಿನ ಸಾಲಿಂದ ಕಣಪ್ಪಾ, ಆ ಟೊಮ್ಯಾಟೊ ತೋಟದ ಪಕ್ಕದ್ದು,” ಎಂದಳು ಅಜ್ಜಿ.

“ಅಲ್ಲಿ ಔಷಧಿ ಹೊಡ್ದಿದಾರೆ. ಗಾಳಿಗೆ ನಿಮ್ಮ ಸೊಪ್ಪಿನ ಮೇಲೆ ಬಿದ್ದಿದೆ. ಆ ಸಾಲು ಇನ್ನು ಇಪ್ಪತ್ತು ದಿನ ಮುಟ್ಟಬೇಡಿ. ಕೆಟ್ಟಿರೋದನ್ನ ಬೇರೆ ಮಾಡೋಣ, ಉಳಿದ ಹುಳು ಚೆನ್ನಾಗಿದೆ.”

ಪದ್ಮಶ್ರೀ ನಂಬದೆ ನಿಂತಿದ್ದಳು. “ಅಂದ್ರೆ... ನನ್ನ ಮೇಕಪ್ ಇಂದ ಅಲ್ವಾ?”

“ಹಾಗಿದ್ರೆ ಎಲ್ಲಾ ಅಂಕಣದ ಹುಳೂ ಸಾಯ್ಬೇಕಿತ್ತು ತಾನೇ? ಅಲ್ಲ ಕಣ್ರೀ.” ಅವನು ಕೈಯಲ್ಲಿದ್ದ ಕಡ್ಡಿಯನ್ನು ಎಸೆದು ಅವಳ ಕಡೆ ತಿರುಗಿದ. ಇಷ್ಟು ದಿನ ಕಾಣದ ಸಿಟ್ಟು ಅವನ ದನಿಯಲ್ಲಿತ್ತು. “ಲೋಕದಲ್ಲಿ ಆಗೋ ತಪ್ಪನ್ನೆಲ್ಲಾ ಯಾಕ್ರೀ ನಿಮ್ಮ ಮುಖದ ಮೇಲೆ ಹಾಕ್ಕೊತೀರಾ?”

ಪದ್ಮಶ್ರೀ ಮುಖ ತಗ್ಗಿಸಿದಳು. ಫೌಂಡೇಶನ್ ಮೇಲೆ ಕಣ್ಣೀರು ಗೆರೆ ಎಳೆದುಕೊಂಡು ಇಳಿಯಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದಳು.

ಸಂಜೆಯವರೆಗೂ ಇಬ್ಬರೂ ಸೇರಿ ಕೆಟ್ಟ ಹುಳುಗಳನ್ನು ಬೇರೆ ಮಾಡಿದರು. ಕೆಲಸ ಮುಗಿದ ಮೇಲೆ ಅವನೇ ಬಾಯಿಬಿಟ್ಟ.

“ಆ ಟ್ಯೂಬು ನನಗೆ ಹೇಗೆ ಗೊತ್ತು ಅಂತ ನೀವು ಕೇಳ್ಲೇ ಇಲ್ಲ. ನನ್ನ ತಂಗಿ ಹರ್ಷಿತ ಅದನ್ನೇ ಹಚ್ತಿದ್ಲು. ಮೊದ್ಲು ಮುಖ ಬೆಳ್ಳಗಾಯ್ತು. ಆಮೇಲೆ ಬಿಸಿಲಿಗೆ ಹೋದ್ರೆ ಉರಿ, ಒಲೆ ಮುಂದೆ ಕೂತ್ರೆ ಉರಿ. ಕೆನ್ನೆ ಮೇಲೆ ರಕ್ತದ ನರ ಎಲ್ಲಾ ಕಾಣೋಕೆ ಶುರುವಾಯ್ತು. ಮದ್ದು ಅಂತ ಇನ್ನೂ ಜಾಸ್ತಿ ಹಚ್ಕೊಂಡ್ಲು. ಮನೇಲಿದ್ದ ನಾನು ನೋಡ್ತಾನೇ ಇದ್ದೆ, ಒಂದು ಮಾತು ಆಡ್ಲಿಲ್ಲ. ಹೆಣ್ಮಕ್ಕಳ ಮುಖದ ವಿಷಯ, ನಾನ್ಯಾಕೆ ಅಂತ... ಅದಕ್ಕೇ ಅವತ್ತು ನಿಮ್ಮ ಹತ್ರ ಆತುರಕ್ಕೆ ಹೇಳ್ಬಿಟ್ಟೆ. ಹೇಳೋದು ಸರಿಯಾಗಿ ಬರ್ಲಿಲ್ಲ.”

“ಈಗ ಹೇಗಿದಾರೆ?”

“ಆ ಡಾಕ್ಟರಮ್ಮನೇ ಸರಿ ಮಾಡಿದ್ದು. ವರ್ಷ ಹಿಡೀತು.”

ಪದ್ಮಶ್ರೀ ಫೋನನ್ನು ಕೈಗೆತ್ತಿಕೊಂಡಳು. “ಆ ನಂಬರ್ ಕೊಡಿ,” ಎಂದಳು.

* * *

ಆಸ್ಪತ್ರೆಗೆ ಅಜ್ಜಿಯೂ ಹಠ ಹಿಡಿದು ಬಂದಳು. ಡಾಕ್ಟರ್ ಸ್ನೇಹ ಪದ್ಮಶ್ರೀಯ ಮುಖವನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಕೈಯಲ್ಲಿ ಆ ಟ್ಯೂಬು.

“ಮೊದ್ಲು ಇದರ ಕಥೆ ಮುಗಿಸೋಣ. ಇದರಲ್ಲಿ ಸ್ಟೀರಾಯ್ಡ್ ಇದೆ ಪದ್ಮಶ್ರೀ. ಹಚ್ಚಿದಾಗ ನುಣ್ಣಗೆ ಕಾಣುತ್ತೆ, ಒಳಗೆ ಚರ್ಮ ತೆಳ್ಳಗಾಗ್ತಾ ಹೋಗುತ್ತೆ. ಬಿಟ್ಟ ಮೇಲೆ ಮುಖ ಕೆಂಪಾಗಿ ಉರಿಯುತ್ತೆ, ಮೊಡವೆ ಮತ್ತೆ ಏಳುತ್ತೆ. ಆಗ ಹೆದರ್ಕೊಂಡು ವಾಪಸ್ ಇದನ್ನೇ ಹಚ್ಬಾರ್ದು. ಉರಿಗೆ, ಮೊಡವೆಗೆ ನಾನು ಔಷಧಿ ಕೊಡ್ತೀನಿ. ಕೆಲವು ತಿಂಗಳು ತಡ್ಕೋಬೇಕು.”

“ಈ ಗುಂಡಿಗಳು?”

“ಮೊಡವೆ ಹತೋಟಿಗೆ ಬಂದ ಮೇಲೆ ಶುರು ಮಾಡೋದು. ಎಲ್ಲಾ ಗುಂಡಿಗೂ ಒಂದೇ ಮದ್ದಲ್ಲ.” ಡಾಕ್ಟರ್ ಕೈಗನ್ನಡಿ ಹಿಡಿದರು. ಪದ್ಮಶ್ರೀ ಬೆಳಕಿನಲ್ಲಿ ತನ್ನ ಬರೀ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ವರ್ಷಗಳಾಗಿತ್ತು. “ಇದು ನೋಡಿ, ಸೂಜಿ ಚುಚ್ಚಿದ ಹಾಗೆ ಸಣ್ಣದು, ಆದ್ರೆ ಆಳ. ಇದರೊಳಗೆ ಆಸಿಡ್ ಒಂದೇ ಒಂದು ಚುಕ್ಕೆ ಮುಟ್ಟಿಸ್ತೀವಿ. ಮನೇಲಿ ಮಾಡೋದಲ್ಲ, ಪಾರ್ಲರಲ್ಲೂ ಅಲ್ಲ! ದವಡೆ ಹತ್ರ ಚರ್ಮ ತಗ್ಗಾಗಿದೆ ಅಲ್ವಾ? ಒಳಗಿಂದ ನಾರು ಹಿಡಿದು ಎಳೀತಿದೆ. ಮರಗಟ್ಟಿಸಿ, ಸೂಜಿ ಹಾಕಿ ಆ ನಾರು ಬಿಡಿಸ್ತೀವಿ. ಈ ಅಗಲದ್ದಕ್ಕೆ ಸಣ್ಣ ಸೂಜಿಗಳ ಮಷೀನು. ಚರ್ಮ ತಾನೇ ಒಳಗಿಂದ ತುಂಬಿಕೊಂಡು ಬರೋ ಹಾಗೆ ಮಾಡುತ್ತೆ. ತಿಂಗಳಿಗೆ ಒಂದು ಸಲ, ಐದಾರು ಸಿಟಿಂಗ್ ಆಗ್ಬಹುದು.”

“ಲೇಸರ್ ಅಂತಾರಲ್ಲ ಡಾಕ್ಟರ್?”

“ಇದೆ. ನಮ್ಮ ಬಣ್ಣದ ಚರ್ಮಕ್ಕೆ ಜೋರಾಗಿ ಕೊಟ್ರೆ ಕಪ್ಪು ಕಲೆ ಉಳಿಯೋ ಭಯ ಇರುತ್ತೆ. ಬೇಕಾದ್ರೆ ಆಮೇಲೆ, ಹುಷಾರಾಗಿ ನೋಡೋಣ.”

ಪದ್ಮಶ್ರೀ ಕನ್ನಡಿಯಿಂದ ಮುಖ ಎತ್ತಿದಳು. ಆರು ವರ್ಷದಿಂದ ಕೇಳಬೇಕೆಂದಿದ್ದ ಮಾತು. “ಪೂರ್ತಿ... ಹೋಗುತ್ತಾ?”

“ಇಲ್ಲ,” ಎಂದರು ಡಾಕ್ಟರ್, ನೇರವಾಗಿ. “ಸುಳ್ಳು ಹೇಳಲ್ಲ. ಅರ್ಧದಷ್ಟು ಕಮ್ಮಿ ಆಗ್ಬಹುದು, ಸ್ವಲ್ಪ ಹೆಚ್ಚೂ ಆಗ್ಬಹುದು. ಪೂರ್ತಿ ತೆಗೀತೀವಿ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.”

ವಿಚಿತ್ರವೆಂದರೆ ಪದ್ಮಶ್ರೀಗೆ ಅಳು ಬರಲಿಲ್ಲ. ಅತ್ತಿದ್ದು ಅಜ್ಜಿ!

“ನಾನೇ ಕಣಮ್ಮಾ ಡಾಕ್ಟರೇ, ನಾನೇ ಮಾಡಿದ್ದು,” ಎಂದು ಮುನಿತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. “ಮಗಾ ಪಿಯುಸಿ ಓದೋವಾಗ ಮೊಡವೆ ಕೀವಾಗಿತ್ತು. ಹುಳಿಗೆ ಹಾಕೋ ಸುಣ್ಣ ತಂದು ಹಚ್ಬಿಟ್ಟೆ. ಹುಳಿನ ತಟ್ಟೆ ಒಣಗಿಸ್ತದಲ್ಲ, ಮೊಡವೇನೂ ಒಣಗಿಸ್ತದೆ ಅಂತ... ಉರಿ ಉರಿ ಅಂತ ರಾತ್ರಿಯೆಲ್ಲಾ ಅಳ್ತು ಮಗಾ. ತಾಯಿಲ್ಲದ ಕೂಸಿನ ಮುಖ ನಾನೇ ಸುಟ್ಬಿಟ್ನಲ್ಲಾ!”

ಸುಣ್ಣ ಕಂಡ ಕೂಡಲೇ ಅಜ್ಜಿ ಎದ್ದು ಹೋಗುತ್ತಿದ್ದುದು... ಆರು ವರ್ಷ ಈ ಮುದುಕಿ ಇದನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದ್ದಳೇ? ಪದ್ಮಶ್ರೀ ಅಜ್ಜಿಯ ಸುಕ್ಕುಗಟ್ಟಿದ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

“ಅಜ್ಜಿ, ಮೊಡವೆ ಅಷ್ಟು ಆಳಕ್ಕೆ ಹೋಗಿದ್ರೆ ಸುಣ್ಣ ಹಚ್ಚದೆ ಇದ್ರೂ ಗುಂಡಿ ಬೀಳುತ್ತೆ,” ಎಂದರು ಡಾಕ್ಟರ್ ಮೆತ್ತಗೆ. “ಪೂರ್ತಿ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ.”

“ಲೋಕದ ತಪ್ಪೆಲ್ಲಾ ನಿನ್ನ ಮೇಲೆ ಹಾಕ್ಕೋಬೇಡ ಅಜ್ಜಿ,” ಎಂದಳು ಪದ್ಮಶ್ರೀ. ಆ ಮಾತು ಯಾರದೆಂದು ನೆನಪಾಗಿ ಅವಳ ಕಿವಿ ಬೆಚ್ಚಗಾಯಿತು.

* * *

ಟ್ಯೂಬು ಬಿಟ್ಟ ಎರಡನೇ ವಾರಕ್ಕೆ ಡಾಕ್ಟರ್ ಹೇಳಿದ್ದೆಲ್ಲಾ ಆಯಿತು. ಮುಖ ಕೆಂಡದ ಹಾಗೆ ಕೆಂಪಾಯಿತು. ಮೊಡವೆ ಎದ್ದವು. ಮೇಕಪ್ ಹಚ್ಚುವ ಹಾಗಿಲ್ಲ. ಹೋಟೆಲಿನಲ್ಲಿ ಕೇಳಿಕೊಂಡು ಕೆಲವು ತಿಂಗಳು ಒಳಗಿನ ಬುಕಿಂಗ್ ಕೆಲಸಕ್ಕೆ ಹೋದಳು. ಮನೆಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹುಳು ಮನೆಯ ಬೆಳೆ ಉಳಿದಿತ್ತು. ಹುಳು ಹಣ್ಣಾಗಿ, ಬಿದಿರು ತಟ್ಟಿಯ ಚಂದ್ರಿಕೆ ಏರಿ, ಗೂಡು ಕಟ್ಟಿ ಮಾರ್ಕೆಟ್ಟಿಗೂ ಹೋಗಿತ್ತು. ಅಪ್ಪ ಊರುಗೋಲು ಹಿಡಿದು ಎದ್ದು ನಿಂತಿದ್ದರು. ಮುಂದಿನ ಬೆಳೆಗೆ ಮುನಿರಾಜ್ ಬರುವ ದಿನ ಹತ್ತಿರವಾದಾಗ ಅವಳು ಮೆಸೇಜ್ ಹಾಕಿದಳು.

“ದಯವಿಟ್ಟು ಮನೆಗೆ ಬರ್ಬೇಡಿ. ನನ್ನ ಮುಖ ನೋಡೋ ಹಾಗಿಲ್ಲ.”

ಐದು ನಿಮಿಷದಲ್ಲಿ ಉತ್ತರ ಬಂತು.

“ಚಾಕಿ ಗೇಟ್ ಹತ್ರ ನಿಮ್ಮಪ್ಪನ ಕೈಗೆ ಕೊಟ್ಟು ಹೋಗ್ತೀನಿ. ಜ್ವರಕ್ಕೆ ಕೂತಿರೋ ಹುಳುನ ನಾವು ಮುಟ್ಟಲ್ಲ, ಅಲುಗಾಡಿಸಲ್ಲ. ನೀವೂ ಹಾಗೇ ಕೂತಿರಿ. ನನಗೆ ಕಾಯೋದು ಅಭ್ಯಾಸ ಆಗಿದೆ. ಒಂದು ಮಾತು ಕೇಳೋದಿದೆ, ಅದನ್ನ ಮುಖ ನೋಡ್ಕೊಂಡೇ ಕೇಳ್ತೀನಿ.”

ಪದ್ಮಶ್ರೀ ಫೋನನ್ನು ಎದೆಗವಚಿಕೊಂಡು ಗೋಡೆಗೊರಗಿದಳು. ಏನು ಮಾತು? ಕೇಳುವ ಧೈರ್ಯ ಸಾಲಲಿಲ್ಲ. ಆ ಮೆಸೇಜನ್ನು ಎಷ್ಟು ಸಲ ಓದಿದಳೆಂದರೆ, ಅಜ್ಜಿ ಒಂದು ದಿನ ‘ಆ ಫೋನಲ್ಲಿ ಏನೈತೆ ಅಂತ ಅಷ್ಟು ನೋಡ್ತೀಯೆ?’ ಎಂದು ಬೈದಳು.

ಉರಿ ಇಳಿಯಲು ಮೂರು ತಿಂಗಳು ಬೇಕಾಯಿತು. ಆಮೇಲೆ ಸಿಟಿಂಗ್‌ಗಳು. ಪ್ರತಿ ಸಲವೂ ಮೂರ್ನಾಲ್ಕು ದಿನ ಮುಖ ಕೆಂಪಾಗಿ ಊದುತ್ತಿತ್ತು. ಬಿಸಿಲಿಗೆ ಹೋಗುವ ಮುಂಚೆ ಸನ್‌ಸ್ಕ್ರೀನ್, ಹುಳು ಮನೆಗೆ ಹೋಗುವ ಮುಂಚೆ ಅದನ್ನೂ ತೊಳೆಯುವುದು. ಮುನಿರಾಜ್ ಮಾತು ತಪ್ಪಲಿಲ್ಲ. ಪ್ರತಿ ಬೆಳೆಗೂ ಬಂದ, ಗೇಟಿನಿಂದಲೇ ಹೋದ. ಅವಳು ಕಿಟಕಿಯ ಹಿಂದೆ ನಿಂತು ನೋಡಿದಳು. ಅವನು ಒಂದು ಸಲವೂ ಕಿಟಕಿಯತ್ತ ತಲೆ ಎತ್ತಲಿಲ್ಲ.

ನಾಲ್ಕನೇ ಸಿಟಿಂಗ್ ಮುಗಿದ ಹೊತ್ತಿಗೆ ಕನ್ನಡಿಯಲ್ಲಿ ಬೇರೆ ಮುಖವೇನೂ ಇರಲಿಲ್ಲ. ಗುಂಡಿಗಳು ಇದ್ದವು, ಆದರೆ ಅರ್ಧ ತುಂಬಿಕೊಂಡಿದ್ದವು. ಅದು ಅವಳದೇ ಮುಖ. ಒಂದು ಬೆಳಗ್ಗೆ ಹಾಲಿನವನಿಗೆ ಅವಳು ಬರೀ ಮುಖದಲ್ಲಿ ಬಾಗಿಲು ತೆರೆದಳು. ಅವನು ಹಾಲು ಹಾಕಿ ಹೋದ. ಆಕಾಶವೇನೂ ಬೀಳಲಿಲ್ಲ.

* * *

ಚಿಕ್ಕಪ್ಪನ ಮಗಳು ಸಿಂಚನಳ ಮದುವೆ ಹೊಸಕೋಟೆಯ ಕಲ್ಯಾಣ ಮಂಟಪದಲ್ಲಿ. ವೆಂಕಟರಾಯಪ್ಪ ತಾವೇ ಫೋನ್ ಮಾಡಿ ಮುನಿರಾಜ್‌ನನ್ನು ಕರೆದಿದ್ದರು. ಡಾಕ್ಟರ್ ಈಗ ಮೇಕಪ್ ಹಾಕಬಹುದು ಎಂದಿದ್ದರು. ಸಿಂಚನ ಬಿಡಲಿಲ್ಲ, ಮದುಮಗಳಿಗೆ ಬಂದ ಬ್ಯೂಟಿಷಿಯನ್ ಕೈಯಲ್ಲೇ ಅಕ್ಕನಿಗೂ ಭರ್ಜರಿ ಮೇಕಪ್ ಮಾಡಿಸಿದಳು. ನೇರಳೆ ರೇಷ್ಮೆ ಸೀರೆ ಉಟ್ಟು ಪದ್ಮಶ್ರೀ ಬಾಗಿಲಲ್ಲಿ ಪನ್ನೀರು ಎರಚಿ ಕಲ್ಲುಸಕ್ಕರೆ ಕೊಡಲು ನಿಂತಳು.

ಅವನು ಬಂದ. ಬಿಳಿ ಶರ್ಟು, ಬಿಳಿ ಪಂಚೆ.

ಆರೇಳು ತಿಂಗಳ ಮೇಲೆ ಎದುರುಬದುರು! ಉಳಿದವರಿಗಿಂತ ಹೆಚ್ಚೇ ಪನ್ನೀರು ಎರಚಿದಳು. ಅವನು ಕಲ್ಲುಸಕ್ಕರೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ.

“ಥ್ಯಾಂಕ್ಸ್ ಮೇಡಂ,” ಎಂದವನೇ ಒಳಗೆ ಹೋಗಿಬಿಟ್ಟ!

ಮೇಡಂ?

ಹಳೆಯ ನೋವು ಮತ್ತೆ ಎದ್ದು ಬಂತು. ನೋಡಿಯೂ ನೋಡದವನ ಹಾಗೆ ಹೋದನಾ? ಇಷ್ಟು ಜನರ ಮುಂದೆ ನನ್ನ ಪರಿಚಯ ಹೇಳಿಕೊಳ್ಳೋಕೆ ನಾಚಿಕೆಯಾ? ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟು ಒಳಗೆ ನಡೆದಳು. ಎಲ್ಲಾದರೂ ಒಂದು ಮೂಲೆ ಸಿಕ್ಕರೆ ಸಾಕಿತ್ತು.

ಕಂಬದ ಆಚೆ ಅವನ ದನಿ ಕೇಳಿಸಿತು.

“ಅಜ್ಜಿ, ಪದ್ಮಶ್ರೀ ಬಂದಿಲ್ವಾ? ಮಂಟಪ ಎಲ್ಲಾ ಹುಡುಕಿದೆ. ಎಲ್ಲೂ ಕಾಣ್ಲಿಲ್ಲ. ಇನ್ನೂ... ಹುಷಾರಾಗಿಲ್ವಾ ಅಜ್ಜಿ?”

ಆ ದನಿಯಲ್ಲಿದ್ದ ಆತಂಕ ಸುಳ್ಳಾಗಿರಲಿಲ್ಲ.

ಪದ್ಮಶ್ರೀ ನಿಂತಲ್ಲೇ ನಿಂತಳು. ನಿಧಾನಕ್ಕೆ ಅರ್ಥವಾಯಿತು. ಅವನು ಅವಳನ್ನು ನೋಡಿದ್ದು ಹೆಚ್ಚಾಗಿ ಹುಳು ಮನೆಯಲ್ಲಿ, ತೊಳೆದ ಮುಖದಲ್ಲಿ; ಬಣ್ಣದ ಮುಖ ಕಂಡಿದ್ದು ಎರಡೇ ಸಲ, ಒಮ್ಮೆ ಗಳಿಗೆ ಹೊತ್ತು, ಒಮ್ಮೆ ಅಳುವಿನಲ್ಲಿ. ಊರಿಗೆಲ್ಲ ಗೊತ್ತಿರುವ ಈ ಬಣ್ಣದ ಮುಖ ಅವನಿಗೊಬ್ಬನಿಗೆ ಗುರುತೇ ಸಿಕ್ಕಿಲ್ಲ!

ಅವಳಿಗೆ ನಗು ಬಂತು. ತಡೆಯಲಾಗದಂಥ ನಗು. ಸೀರೆಯ ನೆರಿಗೆ ಎತ್ತಿ ಹಿಡಿದು ಊಟದ ಹಾಲಿನ ಪಕ್ಕದ ಕೈತೊಳೆಯುವ ನಲ್ಲಿಗೆ ಓಡಿದಳು. ಬ್ಯೂಟಿಷಿಯನ್‌ನ ಎರಡು ಗಂಟೆಯ ಕೆಲಸ ಐದು ನಿಮಿಷದಲ್ಲಿ ಚರಂಡಿ ಸೇರಿತು.

“ಈಗ ಗೊತ್ತಾಯ್ತಾ?”

ಮುನಿರಾಜ್ ತಿರುಗಿದ. ಒದ್ದೆ ಮುಖ, ಒದ್ದೆ ಕುತ್ತಿಗೆ, ನೇರಳೆ ಸೀರೆ. ಅವನು ಬ್ಬೆಬ್ಬೆಬ್ಬೆ ಎಂದ.

“ಅಯ್ಯೋ... ಬಾಗಿಲಲ್ಲಿ ನಿಂತಿದ್ದು ನೀವಾ? ಮದ್ವೆ ಮನೇಲಿ ಯಾರಾದ್ರೂ ಮುಖ ತೊಳ್ಕೋತಾರೇನ್ರೀ?”

“ನೀವೇ ತಾನೇ ಮೊದಲನೇ ದಿನ ಹೇಳ್ಕೊಟ್ಟಿದ್ದು?”

ಅಜ್ಜಿಗೆ ಅಡುಗೆ ಮನೆಯಲ್ಲಿ ಇದ್ದಕ್ಕಿದ್ದಂತೆ ಏನೋ ಕೆಲಸ ನೆನಪಾಯಿತು. ಅವಳು ಹೋದಳು.

ಮುನಿರಾಜ್ ಅವಳ ಮುಖವನ್ನು ನೋಡುತ್ತಲೇ ಇದ್ದ. ಪದ್ಮಶ್ರೀ ತಲೆ ತಗ್ಗಿಸಲಿಲ್ಲ.

“ಎಡಗಣ್ಣಿನ ಕೆಳಗೆ ಮೂರು ಇತ್ತು,” ಎಂದ ಮೆತ್ತಗೆ. “ಈಗ ಎರಡೇ ಇದೆ. ದವಡೆ ಹತ್ರ ಇದ್ದ ತಗ್ಗು ತುಂಬಿದೆ.”

“ಎಣಿಸಿದ್ರಾ?!”

“ಎಣಿಸಿದ್ದೆ. ಮೊದಲನೇ ದಿನಾನೇ ಕಾಣಿಸ್ತು ಪದ್ಮಾ. ನೀವು ಸಿಟ್ಟಲ್ಲಿ ಮುಖ ಎತ್ಕೊಂಡು ಬಂದು ನಿಂತ್ರಲ್ಲ, ಅವತ್ತೇ ಎಲ್ಲಾ ಕಾಣಿಸ್ತು. ಕಾಣಿಸಿದ ಮೇಲೇನೇ ಎರಡು ದಿನಕ್ಕೊಂದು ಸಲ ಬರೋಕೆ ಶುರು ಮಾಡಿದ್ದು.”

ಕಾಣಿಸದೆ ಇರಲಿ ಎಂದು ದೇವರನ್ನು ಬೇಡಿಕೊಂಡಿದ್ದಳಲ್ಲ, ಅವಳ ಕಣ್ಣು ತುಂಬಿ ಬಂತು. ಎಲ್ಲಾ ಕಂಡೂ ಒಬ್ಬರು ಮತ್ತೆ ಮತ್ತೆ ಬರಬಹುದೆಂದು ಅವಳಿಗೆ ಇಷ್ಟು ವರ್ಷ ಹೊಳೆದಿರಲೇ ಇಲ್ಲ.

“ಆ ಮೇಕಪ್ಪೂ ಚೆನ್ನಾಗೇ ಇತ್ತು,” ಎಂದ ಅವನು ಗಾಬರಿಯಿಂದ. “ಹಾಕ್ಬೇಡಿ ಅಂತಲ್ಲ. ಸ್ವಲ್ಪ ದಿನ ಕೊಟ್ರೆ ಅದನ್ನೂ ಗುರುತು ಹಿಡಿಯೋದು ಕಲಿತೀನಿ.”

“ಏನೋ ಕೇಳೋದಿದೆ ಅಂದಿದ್ರಿ.”

“ಹ್ಞೂಂ... ಇನ್ನೆಷ್ಟು ಸಿಟಿಂಗ್ ಇದೆ?”

“ಇದೇನಾ ಕೇಳೋ ಮಾತು? ಎರಡಿದೆ. ಪೂರ್ತಿ ಹೋಗಲ್ಲ ಅಂತ ಡಾಕ್ಟರ್ ಹೇಳಿದಾರೆ.”

“ಅದಕ್ಕಲ್ಲ. ಆ ಎರಡಕ್ಕೂ ನಾನು ಜೊತೇಲಿ ಬರ್ಲಾ?”

“ಅಜ್ಜಿ ಬರ್ತಾಳೆ.”

“ಅಜ್ಜಿ ಜೊತೆಗೆ ನಾನೂ ಇರ್ತೀನಿ.”

“ಇವ್ರು ಯಾರು ಅಂತ ಡಾಕ್ಟರ್ ಕೇಳಿದ್ರೆ ಏನ್ ಹೇಳ್ಲಿ?”

ಮುನಿರಾಜ್ ಬಾಯಲ್ಲಿದ್ದ ಕಲ್ಲುಸಕ್ಕರೆ ನುಂಗಿಕೊಂಡ. “ಗಂಡ ಆಗೋನು ಅಂತ ಹೇಳಿ. ನಿಮಗೆ ಒಪ್ಪಿಗೆ ಇದ್ರೆ...”

ಒಳಗೆ ಗಟ್ಟಿಮೇಳ ಮೊಳಗಿತು. ಜನರೆಲ್ಲ ಅಕ್ಷತೆ ಹಿಡಿದು ಮಂಟಪದತ್ತ ನುಗ್ಗಿದರು. ಪದ್ಮಶ್ರೀ ಒಂದು ಹೆಜ್ಜೆ ಹತ್ತಿರ ಬಂದು ಅವನ ಭುಜದ ಹತ್ತಿರ ಮೂಸಿ ಮೂಗು ಸಿಂಡರಿಸಿದಳು.

“ಮೈಯೆಲ್ಲಾ ಪನ್ನೀರಿನ ವಾಸನೆ.”

“ನೀವೇ ತಾನೇ ಎರಚಿದ್ದು!”

“ನಾಳೆ ಬೆಳಗ್ಗೆ ಅಪ್ಪ ಹುಳು ಮನೇಲಿ ಇರ್ತಾರೆ. ಅವರ ಹತ್ರ ಮಾತಾಡ್ಬೇಕಲ್ಲ ನೀವು?” ಅವಳು ನಗುತ್ತಲೇ ಸೇರಿಸಿದಳು. “ಮುಖ ತೊಳ್ಕೊಂಡು ಬನ್ನಿ.”